ಎಂಬ ಇದ್ದಲ್ಲಿ ದಟ್: ಇಂಗ್ಲಿಷ್ ಭಾವನಾಮಗಳ ಜೊತೆ ಮೇ, ಮೈಟ್, ಶುಡ್, ವುಡ್ ಬಳಸುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಜೂನ್ ಕಳೆದು ಜುಲೈ ಬಂತೆಂದರೆ ಮಾತೆಲ್ಲ ಒಂದೇ ಅಚ್ಚಿನಲ್ಲಿ ಹೊರಡುತ್ತದೆ. ನಾಳೆ ಶಾಲೆಗೆ ರಜೆ ಕೊಡಬಹುದು ಅನ್ನೋ ಸುದ್ದಿ. ಆಗುಂಬೆ ಘಾಟಿ ಬಂದ್ ಆದೀತು ಅನ್ನೋ ಅನುಮಾನ. ತೋಟಕ್ಕೆ ಕೊಳೆ ಬಿದ್ದೀತು ಅನ್ನೋ ಭಯ, ಅಡಿಕೆ ರೇಟು ಏರೀತು ಅನ್ನೋ ಆಸೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಈ ಸಲ 1819 ಅಡಿ ಮುಟ್ಟೇ ಮುಟ್ಟುತ್ತೆ ಅನ್ನೋ ನಂಬಿಕೆ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಪದವಿ ಮುಗಿಸಿದವರೂ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಕೊನೆಗೆ “ದೇರ್ ಈಸ್ ಪಾಸಿಬಿಲಿಟಿ ಟು ಕಮ್ ರೇನ್” ಎಂದೋ, “ಐ ಹ್ಯಾವ್ ಫಿಯರ್ ಆಫ್ ಇಟ್ ಕ್ಯಾನ್ ರೇನ್” ಎಂದೋ ಏನೋ ಒಂದು ಬರುತ್ತದೆ.

ಸಾಧ್ಯತೆ, ಭಯ, ಆಸೆ, ನಂಬಿಕೆ, ಒತ್ತಾಯ, ಸಲಹೆ ಇವೆಲ್ಲ ಭಾವನಾಮಗಳು. ಕೈಗೆ ಸಿಗದ, ಕಣ್ಣಿಗೆ ಕಾಣದ ಸಂಗತಿಗಳ ಹೆಸರು. ಇಂಗ್ಲಿಷಿನಲ್ಲಿ ಇವು ಆದ ಮೇಲೆ ದಟ್ ಬಂದು, ಅದಾದ ಮೇಲೆ ಒಂದು ಪೂರ್ತಿ ವಾಕ್ಯ ಬಂದು, ಆ ವಾಕ್ಯದೊಳಗೆ ಮೇ, ಮೈಟ್, ವಿಲ್, ಶುಡ್ ತರಹದ ಮೋಡಲ್ ಕ್ರಿಯಾಪದ, ಅಂದರೆ ಸಾಧ್ಯತೆ, ಒತ್ತಾಯ ಇತ್ಯಾದಿ ಸೂಚಿಸುವ ಸಹಾಯಕ ಕ್ರಿಯಾಪದ, ಕೂರುತ್ತದೆ. ವ್ಯಾಕರಣದ ಪುಸ್ತಕಗಳು ಇದಕ್ಕೆ ಉದ್ದುದ್ದ ಹೆಸರಿಟ್ಟು ಹೆದರಿಸುತ್ತವೆ. ಕನ್ನಡಿಗರಿಗೆ ಅಷ್ಟು ಹೆದರಿಕೆ ಬೇಕಿಲ್ಲ. ಎಂಬ, ಬಹುದು, ಬೇಕು, ಈತು: ಈ ನಾಲ್ಕನ್ನು ನಮ್ಮ ವಾಕ್ಯದಲ್ಲಿ ಗುರುತಿಸಲು ಬಂದರೆ ಇಂಗ್ಲಿಷಿನ ಮುಕ್ಕಾಲು ಪಾಲು ನಿರ್ಧಾರ ಅಲ್ಲೇ ಆಗಿಬಿಡುತ್ತದೆ. ಉಳಿದ ಕಾಲು ಪಾಲಿನಲ್ಲಿ ಕನ್ನಡವೇ ದಾರಿ ತಪ್ಪಿಸುತ್ತದೆ. ಎಲ್ಲೆಲ್ಲಿ ಎಂಬುದನ್ನೂ ಹೇಳುತ್ತೇನೆ.

ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಓದುತ್ತಾ ಓದುತ್ತಾ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ, ಸ್ಪೆಲ್ಲಿಂಗಿಗೂ ಒಂದು ಅಭ್ಯಾಸ.

ಹಂತ 1: ಎಂಬ ಎಲ್ಲಿದೆ ನೋಡಿ, ವಾಕ್ಯವನ್ನು ತಿರುಗಿಸಿ

ಕನ್ನಡದಲ್ಲಿ ಸಂಗತಿ ಮೊದಲು, ಆಮೇಲೆ ಎಂಬ, ಕೊನೆಗೆ ಭಾವನಾಮ. “ಮಳೆ ಹೆಚ್ಚಬಹುದು” ಸಂಗತಿ, “ಎಂಬ” ಕೊಂಡಿ, “ಸಾಧ್ಯತೆ” ಭಾವನಾಮ. ಇಂಗ್ಲಿಷಿನಲ್ಲಿ ಸಾಲು ಪೂರ್ತಿ ತಿರುಗುಮುರುಗು: ಮೊದಲು ಪಾಸಿಬಿಲಿಟಿ, ಆಮೇಲೆ ದಟ್, ಕೊನೆಗೆ “ದ ರೇನ್ ಮೇ ಇನ್‌ಕ್ರೀಸ್”. ಮಾತಿನಲ್ಲಿ ಅನ್ನೋ, ಅಂತ, ಎನ್ನುವ ಎಂದಿದ್ದರೂ ಲೆಕ್ಕ ಒಂದೇ.

ಕೊಳೆ ಹರಡೀತು ಎಂಬ ಭಯ: ದ ಫಿಯರ್ ದಟ್ ಕೊಳೆರೋಗ ಮೈಟ್ ಸ್ಪ್ರೆಡ್.
ಬೆಲೆ ಏರುತ್ತದೆ ಎಂಬ ಆಸೆ: ದ ಹೋಪ್ ದಟ್ ಪ್ರೈಸಸ್ ವಿಲ್ ರೈಸ್.
ಅಡಿಕೆ ಮರ ಹತ್ತುವ ಕೊನೆಗಾರರು ಸಿಗದೆ ಹೋಗಬಹುದು ಎಂಬ ಚಿಂತೆ: ದ ವರಿ ದಟ್ ಕ್ಲೈಂಬರ್ಸ್ ಮೇ ನಾಟ್ ಬಿ ಅವೈಲಬಲ್.

ಕೊಳೆರೋಗಕ್ಕೆ ಇಂಗ್ಲಿಷ್ ಪದ ಹುಡುಕುತ್ತಾ ಕೂರಬೇಡಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ನಮ್ಮ ಹೆಸರನ್ನೇ ಇಟ್ಟುಕೊಂಡರು. ಇವತ್ತಿಗೂ ಸಸ್ಯರೋಗ ಶಾಸ್ತ್ರದವರು ಅದನ್ನೇ ಬಳಸುತ್ತಾರೆ.

ದಟ್ ಬಿಡಬಹುದೇ ಎಂದು ಕೇಳುವವರಿದ್ದಾರೆ. “ಐ ಥಿಂಕ್ ಹಿ ವಿಲ್ ಕಮ್” ಎಂಬಲ್ಲಿ ಬಿಡುತ್ತೇವೆ, ಯಾಕೆಂದರೆ ಅಲ್ಲಿ ದಟ್‌ಗಿಂತ ಮೊದಲು ಇರುವುದು ಕ್ರಿಯಾಪದ. ಭಾವನಾಮ ಆದ ಮೇಲೆ ಬರವಣಿಗೆಯಲ್ಲಿ ದಟ್ ಇಟ್ಟುಕೊಳ್ಳುವುದೇ ಕ್ಷೇಮ.

ಹಂತ 2: ಎಂಬ ಇದೆಯೋ, ಬರೀ ‘ತಂದ’, ‘ಹೇಳಿದ’ ಇದೆಯೋ?

ಇಂಗ್ಲಿಷಿನ ಮಕ್ಕಳಿಗೂ ಕಷ್ಟವಾಗುವ ಒಂದು ಜಾಗದಲ್ಲಿ ನಮಗೆ ಬಿಟ್ಟಿ ಸಹಾಯ ಇದೆ. ಈ ಎರಡು ನೋಡಿ.

ದ ನ್ಯೂಸ್ ದಟ್ ಹಿ ಬ್ರಾಟ್.
ದ ನ್ಯೂಸ್ ದಟ್ ದ ಘಾಟ್ ಈಸ್ ಕ್ಲೋಸ್ಡ್.

ಎರಡರಲ್ಲೂ ನ್ಯೂಸ್, ಎರಡರಲ್ಲೂ ದಟ್. ಕನ್ನಡಕ್ಕೆ ತಂದ ಕೂಡಲೇ ಬೇರೆಬೇರೆ ಆಗುತ್ತವೆ. ಮೊದಲನೆಯದು “ಅವನು ತಂದ ಸುದ್ದಿ”, ಎರಡನೆಯದು “ಘಾಟಿ ಬಂದ್ ಆಗಿದೆ ಎಂಬ ಸುದ್ದಿ”. ಮೊದಲನೆಯದರಲ್ಲಿ ಎಂಬ ಇಲ್ಲ. ಅದು ಯಾವ ಸುದ್ದಿ ಎಂದು ಬೆರಳು ಮಾಡುತ್ತದೆಯೇ ಹೊರತು ಸುದ್ದಿಯೊಳಗೆ ಏನಿದೆ ಎಂದು ಹೇಳುವುದಿಲ್ಲ. ಅಲ್ಲಿ ದಟ್ ತೆಗೆದು ವಿಚ್ ಹಾಕಬಹುದು, ಏನೂ ಹಾಕದೆಯೂ ಇರಬಹುದು. ಎರಡನೆಯದರಲ್ಲಿ ದಟ್ ಆದ ಮೇಲಿನ ಭಾಗ ತನ್ನಷ್ಟಕ್ಕೆ ತಾನೇ ಪೂರ್ತಿ ವಾಕ್ಯ: “ದ ಘಾಟ್ ಈಸ್ ಕ್ಲೋಸ್ಡ್”. ಅಲ್ಲಿ ವಿಚ್ ಹಾಕಿದರೆ ಶುದ್ಧ ತಪ್ಪು. ಪರೀಕ್ಷೆಯಲ್ಲಿ “ದ ಫ್ಯಾಕ್ಟ್ ವಿಚ್ ಹಿ ಈಸ್ ಇಲ್” ಎಂದು ಕೊಟ್ಟು ತಪ್ಪು ಹುಡುಕಿ ಎಂದರೆ, ಮನಸ್ಸಿನಲ್ಲೇ “ಅವನಿಗೆ ಹುಷಾರಿಲ್ಲ ಎಂಬ ಸಂಗತಿ” ಅಂದುಕೊಳ್ಳಿ. ಎಂಬ ಬಂತು, ವಿಚ್ ಹೋಯಿತು.

ಒಂದು ಎಚ್ಚರಿಕೆ. “ಮಂಡಗದ್ದೆ ಎಂಬ ಊರು” ಎಂಬಲ್ಲೂ ಎಂಬ ಇದೆ, ಆದರೆ ಅದರ ಹಿಂದಿರುವುದು ಬರೀ ಹೆಸರು. ಇಂಗ್ಲಿಷಿನಲ್ಲಿ ಅದು “ಎ ವಿಲೇಜ್ ಕಾಲ್ಡ್ ಮಂಡಗದ್ದೆ”. ಎಂಬದ ಹಿಂದೆ ಕ್ರಿಯಾಪದವಿರುವ ಪೂರ್ತಿ ವಾಕ್ಯ ಇದ್ದರೆ ಮಾತ್ರ ದಟ್.

ಹಂತ 3: ಚೌಕಟ್ಟು ಆರಿಸಿ

ನಾಲ್ಕು ಚೌಕಟ್ಟು ಸಾಕು, ಜೀವನಪೂರ್ತಿ ನಡೆಯುತ್ತದೆ.

“...ಎಂಬ ಸಾಧ್ಯತೆ ಇದೆ” ಎನ್ನುವುದಕ್ಕೆ ದೇರ್ ಈಸ್: ದೇರ್ ಈಸ್ ಎ ಪಾಸಿಬಿಲಿಟಿ ದಟ್ ದ ಟ್ರೇನ್ ಮೇ ಬಿ ಲೇಟ್.
“ನನ್ನ ಭಯವೇನೆಂದರೆ...” ಎನ್ನುವುದಕ್ಕೆ: ಮೈ ಫಿಯರ್ ಈಸ್ ದಟ್ ದ ಟ್ರೇನ್ ಮೇ ಬಿ ಲೇಟ್.
“...ಎಂಬುದು ನಮ್ಮ ನಂಬಿಕೆ” ಎನ್ನುವುದಕ್ಕೆ: ಇಟ್ ಈಸ್ ಅವರ್ ಬಿಲೀಫ್ ದಟ್ ದ ಡ್ಯಾಮ್ ವಿಲ್ ಫಿಲ್ ದಿಸ್ ಇಯರ್.
ಭಾವನಾಮವೇ ಕರ್ತೃವಾದರೆ: ದ ರೂಮರ್ ದಟ್ ಸ್ಕೂಲ್ಸ್ ಮೈಟ್ ಬಿ ಕ್ಲೋಸ್ಡ್ ಸ್ಪ್ರೆಡ್ ಕ್ವಿಕ್ಲಿ.

ನಾಲ್ಕನೆಯದರಲ್ಲಿ ಒಂದು ಗುಂಡಿ ಇದೆ. “ದ ಫ್ಯಾಕ್ಟ್ ದಟ್ ಪ್ರೈಸಸ್ ಹ್ಯಾವ್ ಫಾಲನ್” ಎಂದು ಬರೆದ ಮೇಲೆ ಮುಂದಿನ ಕ್ರಿಯಾಪದ ಹ್ಯಾಸ್ ಆಗಬೇಕು: “ಹ್ಯಾಸ್ ವರೀಡ್ ಗ್ರೋಯರ್ಸ್”. ಚಿಂತೆಗೆ ಹಚ್ಚಿದ್ದು ಪ್ರೈಸಸ್ ಅನ್ನುವ ಬಹುವಚನ ಅಲ್ಲ, ಫ್ಯಾಕ್ಟ್ ಅನ್ನುವ ಏಕವಚನ. ಪಕ್ಕದಲ್ಲೇ ಬಹುವಚನ ಕೂತಿರುವುದರಿಂದ ಕೈ ತಾನಾಗಿ ಹ್ಯಾವ್ ಬರೆದುಬಿಡುತ್ತದೆ.

ಹಂತ 4: ಮೋಡಲ್ ಆರಿಸಿ

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದ್ದು ಇಲ್ಲಿ. ಯಾವ ಮೋಡಲ್ ಎಂಬುದನ್ನು ತೀರ್ಮಾನಿಸುವುದು ಒಳಗಿನ ಕ್ರಿಯಾಪದ ಒಂದೇ ಅಲ್ಲ, ಹೊರಗೆ ಕೂತಿರುವ ಭಾವನಾಮವೂ ಹೌದು.

ಸಾಧ್ಯತೆಯ ಬಳಗದಿಂದ ಶುರು ಮಾಡೋಣ: ಪಾಸಿಬಿಲಿಟಿ, ಚಾನ್ಸ್, ಲೈಕ್ಲಿಹುಡ್, ರಿಸ್ಕ್, ಡೇಂಜರ್. ಕನ್ನಡದ ‘ಬಹುದು’ ಇಲ್ಲಿ ಮೋಸ ಮಾಡುತ್ತದೆ. “ನೀನು ಹೋಗಬಹುದು” ಅನುಮತಿ. “ಮಳೆ ಬರಬಹುದು” ಸಾಧ್ಯತೆ. “ಇಲ್ಲಿಂದ ಕೊಡಚಾದ್ರಿ ಕಾಣಬಹುದು” ಶಕ್ಯತೆ. ನಮಗೆ ಮೂರಕ್ಕೂ ಒಂದೇ ಬಹುದು, ಶಾಲೆಯಲ್ಲಿ ಕಲಿತದ್ದು ‘ಬಹುದು ಅಂದರೆ ಕ್ಯಾನ್’. ಹಾಗಾಗಿಯೇ “ದೇರ್ ಈಸ್ ಎ ಪಾಸಿಬಿಲಿಟಿ ದಟ್ ಇಟ್ ಕ್ಯಾನ್ ರೇನ್ ಟುಮಾರೋ” ಎಂಬ ವಾಕ್ಯ ಹುಟ್ಟುವುದು. ಇಂಗ್ಲಿಷಿನಲ್ಲಿ ಕ್ಯಾನ್ ಒಂದು ಜಾಗದ, ಒಂದು ವಸ್ತುವಿನ ಸ್ವಭಾವ ಹೇಳುತ್ತದೆ. “ಇಟ್ ಕ್ಯಾನ್ ರೇನ್ ಫಾರ್ ಡೇಸ್ ಇನ್ ಆಗುಂಬೆ” ಸರಿ, ಆಗುಂಬೆಯ ಗುಣವೇ ಅದು. ನಾಳೆ ಎಂಬ ಒಂದು ನಿರ್ದಿಷ್ಟ ದಿನದ ಊಹೆಗೆ ಮೇ, ಮೈಟ್, ಕುಡ್ ಬೇಕು.

ಮೇಗೂ ಮೈಟ್‌ಗೂ ಏನು ವ್ಯತ್ಯಾಸ? ಹಳೆಗಾಲದ ಮೇಷ್ಟ್ರು ಕಲಿಸಿದ ಸಂಭಾವನಾರ್ಥಕ ನೆನಪಿದೆಯೇ? ಬಂದೀತು, ಹೋದಾನು, ಬಿದ್ದೀತು. “ಮಳೆ ಬರಬಹುದು” ಎಂದಾಗ ಇರುವ ಭರವಸೆಗಿಂತ “ಮಳೆ ಬಂದೀತು” ಎಂದಾಗ ಒಂದು ಗುಲಗಂಜಿ ಕಡಿಮೆ. ಬಹುದು ಇದ್ದಲ್ಲಿ ಮೇ, ಈತು ಇದ್ದಲ್ಲಿ ಮೈಟ್ ಎಂದು ಇಟ್ಟುಕೊಂಡರೆ ಹತ್ತಕ್ಕೆ ಎಂಟು ಸಲ ಸರಿ ಹೋಗುತ್ತದೆ. ಇವತ್ತಿನ ಇಂಗ್ಲಿಷಿನಲ್ಲಿ ಈ ಎರಡರ ನಡುವಿನ ಗೆರೆ ತೆಳ್ಳಗಾಗಿದೆ, ಅದಲುಬದಲಾದರೂ ಯಾರೂ ಜಗಳಕ್ಕೆ ಬರುವುದಿಲ್ಲ. ಈತು, ಆನು ಬಿಟ್ಟು ಎಲ್ಲದಕ್ಕೂ ಬಹುದು ಹಚ್ಚುವ ಈಗಿನ ಪೇಟೆ ಕನ್ನಡದವರಿಗೆ ಈ ಅನುಕೂಲವೂ ಇಲ್ಲ. ಹಳ್ಳಿಯ ಅಜ್ಜಿಯರ ಮಾತು ಕೇಳಿ ಕಲಿಯುವುದು ಒಳ್ಳೆಯದು.

ಚಾನ್ಸ್ ಮತ್ತು ಲೈಕ್ಲಿಹುಡ್ ಜೊತೆ ವಿಲ್ ಕೂಡ ಸಲೀಸಾಗಿ ಬರುತ್ತದೆ: “ದೇರ್ ಈಸ್ ಎ ಗುಡ್ ಚಾನ್ಸ್ ದಟ್ ಸ್ಕೂಲ್ಸ್ ವಿಲ್ ಬಿ ಕ್ಲೋಸ್ಡ್ ಟುಮಾರೋ”. ಅನುಮಾನವನ್ನು ಚಾನ್ಸ್ ಎಂಬ ಪದವೇ ಹೊತ್ತಿರುವಾಗ ಒಳಗೆ ವಿಲ್ ಇದ್ದರೂ ಖಚಿತ ಎಂದಾಗುವುದಿಲ್ಲ. ಪಾಸಿಬಿಲಿಟಿ ದಟ್ ಮೇ ಎನ್ನುವುದು ಎರಡೆರಡು ಅನುಮಾನ ಆಗಲಿಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬಳಕೆಯಲ್ಲಿ ಅದು ಸಾಮಾನ್ಯ, ತಪ್ಪಲ್ಲ. “ಪರ್‌ಹ್ಯಾಪ್ಸ್ ದೇರ್ ಈಸ್ ಎ ಪಾಸಿಬಿಲಿಟಿ ದಟ್ ಇಟ್ ಮೈಟ್” ಎಂದು ಮೂರು ಅನುಮಾನ ಕಟ್ಟಿದರೆ ಮಾತ್ರ ಓದುವವರಿಗೆ ಸುಸ್ತು.

ಇಲ್ಲ ಎನ್ನುವಾಗ ಹುಷಾರು. “ಬಸ್ಸು ಬಾರದೆ ಇರಬಹುದು” ಎನ್ನುವುದಕ್ಕೆ ಮೇ ನಾಟ್. “ಬಸ್ಸು ಬರಲಾರದು” ಎಂದು ಅಡ್ಡಗೆರೆ ಎಳೆಯುವುದಕ್ಕೆ ಕೆನಾಟ್. ಪಾಸಿಬಿಲಿಟಿ ಜೊತೆ ಬರುವುದು ಮೇ ನಾಟ್.

ಆಸೆ ಮತ್ತು ಭಯದ ಬಳಗ ಸುಲಭ. ಹೋಪ್ ಜೊತೆ ವಿಲ್, ಫಿಯರ್ ಮತ್ತು ವರಿ ಜೊತೆ ಮೇ ಅಥವಾ ಮೈಟ್, ಭಯ ಜಾಸ್ತಿ ಇದ್ದರೆ ವಿಲ್. ಪ್ರಾಮಿಸ್, ಗ್ಯಾರಂಟಿ, ಸರ್ಟನ್ಟಿ ಇವಕ್ಕೂ ವಿಲ್.

ಇನ್ನು ‘ಬೇಕು’. ಈ ಬಳಗದಲ್ಲಿ ಡಿಮ್ಯಾಂಡ್, ರಿಕ್ವೆಸ್ಟ್, ಪ್ರಪೋಸಲ್, ರೆಕಮೆಂಡೇಷನ್, ಆರ್ಡರ್, ರಿಕ್ವೈರ್‌ಮೆಂಟ್, ಸಜೆಷನ್, ಇನ್‌ಸಿಸ್ಟೆನ್ಸ್ ಇವೆ. ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಸೇತುವೆಗಾಗಿ ದಶಕಗಟ್ಟಲೆ ಕೇಳಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಲಾಂಚೇ ಗತಿಯಾಗಿದ್ದ ಆ ಜನಕ್ಕೆ ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. “ಹಿನ್ನೀರಿಗೆ ಸೇತುವೆ ಕಟ್ಟಬೇಕು ಎಂಬ ಬೇಡಿಕೆ ಹಳೆಯದು” ಎಂಬುದನ್ನು ಹೀಗೆ ಬರೆಯಬಹುದು:

ದ ಡಿಮ್ಯಾಂಡ್ ದಟ್ ಎ ಬ್ರಿಜ್ ಶುಡ್ ಬಿ ಬಿಲ್ಟ್ ಅಕ್ರಾಸ್ ದ ಬ್ಯಾಕ್‌ವಾಟರ್ಸ್ ವಾಸ್ ಓಲ್ಡ್.
ದ ಡಿಮ್ಯಾಂಡ್ ದಟ್ ಎ ಬ್ರಿಜ್ ಬಿ ಬಿಲ್ಟ್ ಅಕ್ರಾಸ್ ದ ಬ್ಯಾಕ್‌ವಾಟರ್ಸ್ ವಾಸ್ ಓಲ್ಡ್.

ಎರಡೂ ಸರಿ. ಮೊದಲನೆಯದು ಬ್ರಿಟಿಷ್ ರೂಢಿ, ಎರಡನೆಯದು ಅಮೆರಿಕನ್ನರಿಗೆ ಪ್ರಿಯ, ಬ್ರಿಟನ್ನಿನ ಕಚೇರಿ ಇಂಗ್ಲಿಷಿನಲ್ಲೂ ಉಂಟು. ಎರಡನೆಯದರಲ್ಲಿ ಕ್ರಿಯಾಪದದ ಮೂಲರೂಪ ಮಾತ್ರ. ಕರ್ತೃ ಏಕವಚನವಾದರೂ ಎಸ್ ಹತ್ತುವುದಿಲ್ಲ: “ದ ರಿಕ್ವೈರ್‌ಮೆಂಟ್ ದಟ್ ಎವೆರಿ ಡ್ರೈವರ್ ಕ್ಯಾರಿ ಎ ಲೈಸೆನ್ಸ್”. ಇದನ್ನು ನೋಡಿ ಅಚ್ಚಿನ ತಪ್ಪು ಎಂದುಕೊಂಡು ಕ್ಯಾರೀಸ್ ಎಂದು ತಿದ್ದುವವರು ಬಹಳ. ತಿದ್ದಬೇಡಿ. ಇಲ್ಲ ಎನ್ನುವಾಗ ಡು, ಡಸ್ ಸೇರಿಸದೆ ಬರೀ ನಾಟ್: “ದ ಆರ್ಡರ್ ದಟ್ ಹೆವಿ ವೆಹಿಕಲ್ಸ್ ನಾಟ್ ಯೂಸ್ ದ ಘಾಟ್”. ಕಿವಿಗೆ ವಿಚಿತ್ರ ಅನ್ನಿಸಿದರೆ ಶುಡ್ ನಾಟ್ ಯೂಸ್ ಎನ್ನಿ. ನಮ್ಮ ಕಡೆಯ ಅರ್ಜಿ, ಪತ್ರ, ಪರೀಕ್ಷೆ ಎಲ್ಲದಕ್ಕೂ ಶುಡ್ ಇರುವ ರೂಪವೇ ಸಾಕು ಎಂಬುದು ನನ್ನ ಅಭಿಪ್ರಾಯ. ಮೂಲರೂಪವನ್ನು ಓದಿದಾಗ ಅರ್ಥವಾದರೆ ಆಯಿತು.

ಬೇಕು ಎಂದರೆ ಮಸ್ಟ್ ಎಂದು ಕಲಿತವರು “ದ ಡಿಮ್ಯಾಂಡ್ ದಟ್ ದ ಗವರ್ನ್‌ಮೆಂಟ್ ಮಸ್ಟ್ ಬಿಲ್ಡ್” ಎಂದು ಬರೆಯುತ್ತಾರೆ. ಒತ್ತಾಯದ ಜೋರು ಡಿಮ್ಯಾಂಡ್ ಎಂಬ ಪದದಲ್ಲೇ ಇರುವಾಗ ಮಸ್ಟ್ ಬೇಕಾಗುವುದಿಲ್ಲ. ರಿಕ್ವೆಸ್ಟ್ ಜೊತೆ ಮಸ್ಟ್ ಹಾಕಿದರಂತೂ ಕೈಮುಗಿದು ಗದರಿಸಿದ ಹಾಗೆ.

ಇಲ್ಲೇ ಒಂದು ಸೊಗಸಾದ ತಿರುವು ಇದೆ. ಸಜೆಷನ್ ಮತ್ತು ಇನ್‌ಸಿಸ್ಟೆನ್ಸ್ ಎರಡು ಮುಖದ ಪದಗಳು.

ಹರ್ ಇನ್‌ಸಿಸ್ಟೆನ್ಸ್ ದಟ್ ಹಿ ಬಿ ಪ್ರೆಸೆಂಟ್.
ಹರ್ ಇನ್‌ಸಿಸ್ಟೆನ್ಸ್ ದಟ್ ಹಿ ವಾಸ್ ಪ್ರೆಸೆಂಟ್.

ಮೊದಲನೆಯದು “ಅವನು ಹಾಜರಿರಬೇಕು ಎಂಬ ಅವಳ ಹಠ”. ಎರಡನೆಯದು “ಅವನು ಹಾಜರಿದ್ದ ಎಂಬ ಅವಳ ಗಟ್ಟಿ ವಾದ”. ಒಂದು ಇನ್ನೂ ಆಗಬೇಕಾದ್ದು, ಇನ್ನೊಂದು ಆಗಿ ಹೋದದ್ದು. ಸಜೆಷನ್ ಕೂಡ ಹಾಗೇ: “ಅವನನ್ನು ವರ್ಗ ಮಾಡಬೇಕು ಎಂಬ ಸಲಹೆ” ಎಂದಾದರೆ ದಟ್ ಹಿ ಶುಡ್ ಬಿ ಟ್ರಾನ್ಸ್‌ಫರ್ಡ್. “ಅವನಿಗೆ ಎಲ್ಲ ಗೊತ್ತಿತ್ತು ಎಂಬ ಧಾಟಿಯ ಮಾತು” ಎಂದಾದರೆ ದಟ್ ಹಿ ನ್ಯೂ ಎವೆರಿಥಿಂಗ್. ಕನ್ನಡ ವಾಕ್ಯದಲ್ಲಿ ಎಂಬದ ಹಿಂದೆ ಬೇಕು ಇದ್ದರೆ ಶುಡ್ ಅಥವಾ ಮೂಲರೂಪ, ಇಲ್ಲದಿದ್ದರೆ ಸಾಮಾನ್ಯ ಕಾಲ. ಇಷ್ಟು ನೋಡಿದರೆ ದಾರಿ ತಪ್ಪುವುದಿಲ್ಲ.

ಬೇಕು ಇದ್ದರೂ ಮೂಲರೂಪ ಒಪ್ಪದ ಭಾವನಾಮಗಳಿವೆ: ಒಪಿನಿಯನ್, ಬಿಲೀಫ್, ಫೀಲಿಂಗ್, ವ್ಯೂ. “ಸರ್ಕಾರ ಅಡಿಕೆಯ ಆಮದು ತಡೆಯಬೇಕು ಎಂಬ ಅಭಿಪ್ರಾಯ ಬೆಳೆಗಾರರಲ್ಲಿದೆ” ಎಂಬುದಕ್ಕೆ “ದೇರ್ ಈಸ್ ಎ ಫೀಲಿಂಗ್ ಅಮಂಗ್ ಗ್ರೋಯರ್ಸ್ ದಟ್ ದ ಗವರ್ನ್‌ಮೆಂಟ್ ಶುಡ್ ಸ್ಟಾಪ್ ಇಂಪೋರ್ಟ್ಸ್”. ಇಲ್ಲಿ ಮಸ್ಟ್ ಕೂಡ ನಡೆಯುತ್ತದೆ, ಶುಡ್ ಬಿಟ್ಟು ಬರೀ ಸ್ಟಾಪ್ ಎಂದರೆ ತಪ್ಪು. ಬೇಡಿಕೆ ಇಡುವುದು ಬೇರೆ, ಅಭಿಪ್ರಾಯ ಪಡುವುದು ಬೇರೆ.

ಬೇಕುವಿಗೆ ಇನ್ನೊಂದು ವೇಷ. “ಬೈಕ್ ಮನೆಯ ಹತ್ತಿರ ಇಲ್ಲ, ತೋಟಕ್ಕೆ ಹೋಗಿರಬೇಕು.” ಇಲ್ಲಿ ಯಾರೂ ಯಾರಿಗೂ ಒತ್ತಾಯ ಮಾಡುತ್ತಿಲ್ಲ. ಇದು ತರ್ಕದ ಊಹೆ. ಕನ್‌ಕ್ಲೂಷನ್, ಇನ್‌ಫರೆನ್ಸ್, ಅಸಂಪ್ಷನ್ ಜೊತೆ ಈ ಬೇಕು ಬಂದಾಗ ಇಂಗ್ಲಿಷಿನಲ್ಲಿ ಮಸ್ಟ್ ಬೇಕೇ ಬೇಕು: “ದ ಕನ್‌ಕ್ಲೂಷನ್ ದಟ್ ಹಿ ಮಸ್ಟ್ ಹ್ಯಾವ್ ಗಾನ್ ಟು ದ ಎಸ್ಟೇಟ್”. ಶುಡ್ ಹಾಕಿದರೆ ಅರ್ಥವೇ ಪಲ್ಟಿ.

ಕೊನೆಯದಾಗಿ ಮೋಡಲ್ ಬೇಡದ ಬಳಗ: ಫ್ಯಾಕ್ಟ್, ಪ್ರೂಫ್, ಎವಿಡೆನ್ಸ್. ಆದದ್ದು, ಇರುವುದು. “ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಎಂಬ ಸಂಗತಿ” ಎಂಬುದಕ್ಕೆ ದ ಫ್ಯಾಕ್ಟ್ ದಟ್ ದ ಡಿಸೀಸ್ ವಾಸ್ ಫಸ್ಟ್ ಐಡೆಂಟಿಫೈಡ್ ಎಂದು ಸೀದಾ ಭೂತಕಾಲ. ಉಣುಗು ಕಚ್ಚುವುದರಿಂದ ಹರಡುತ್ತದೆ ಎಂಬುದೂ ಫ್ಯಾಕ್ಟ್, ಅಲ್ಲಿಗೆ ಸಾಮಾನ್ಯ ವರ್ತಮಾನ. ಕಾಡಿಗೆ ಹೋಗುವ ಮುಂಚೆ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಎಂಬುದು ಅಡ್ವೈಸ್, ಆಗ ಶುಡ್ ಮರಳಿ ಬಂತು.

ಫ್ಯಾಕ್ಟ್‌ನಿಂದ ಇನ್ನೊಂದು ಉಪಕಾರವೂ ಇದೆ. ಡ್ಯೂ ಟು, ಡಿಸ್ಪೈಟ್ ತರಹದ ಪದಗಳಾದ ಮೇಲೆ ನೇರವಾಗಿ ದಟ್ ಬರುವಂತಿಲ್ಲ. “ಡ್ಯೂ ಟು ದಟ್ ರೋಡ್ ವಾಸ್ ಬ್ಲಾಕ್ಡ್” ತಪ್ಪು. ನಡುವೆ ದ ಫ್ಯಾಕ್ಟ್ ತುರುಕಿದರೆ ಸರಿಯಾಗುತ್ತದೆ. ಸರಿಯಾದರೂ ಬಿಕಾಸ್ ಒಂದೇ ಪದದಲ್ಲಿ ಮುಗಿಯುವ ಕಡೆ ಈ ನಾಲ್ಕೈದು ಪದ ಯಾಕೆ ಎಂದು ಒಮ್ಮೆ ಕೇಳಿಕೊಳ್ಳಿ.

ಹಂತ 5: ಹೊರಗೆ ಭೂತಕಾಲ ಇದ್ದರೆ ಒಳಗೂ ಬದಲಿಸಿ

ಕನ್ನಡದಲ್ಲಿ “ಬೆಲೆ ಏರುತ್ತದೆ ಎಂಬ ಆಸೆ ಇದೆ”, “ಬೆಲೆ ಏರುತ್ತದೆ ಎಂಬ ಆಸೆ ಇತ್ತು”. ಒಳಗಿನ ‘ಏರುತ್ತದೆ’ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಕದಲುತ್ತದೆ. ದೇರ್ ಈಸ್ ಹೋಪ್ ದಟ್ ಪ್ರೈಸಸ್ ವಿಲ್ ರೈಸ್. ದೇರ್ ವಾಸ್ ಹೋಪ್ ದಟ್ ಪ್ರೈಸಸ್ ವುಡ್ ರೈಸ್. ವಿಲ್ ಹೋಗಿ ವುಡ್, ಮೇ ಹೋಗಿ ಮೈಟ್, ಕ್ಯಾನ್ ಹೋಗಿ ಕುಡ್. ಶುಡ್, ಮೈಟ್, ಕುಡ್ ಇದ್ದಲ್ಲೇ ಇರುತ್ತವೆ. ಊಹೆಯ ಮಸ್ಟ್ ಕೂಡ ಅಲುಗುವುದಿಲ್ಲ. ಡಿಮ್ಯಾಂಡ್ ಜೊತೆಗಿನ ಮೂಲರೂಪವೂ ಅಷ್ಟೇ, ಮೇಲಿನ ಸೇತುವೆಯ ವಾಕ್ಯದಲ್ಲಿ ವಾಸ್ ಓಲ್ಡ್ ಎಂದಿದ್ದರೂ ಬಿ ಬಿಲ್ಟ್ ಹಾಗೇ ಉಳಿಯಿತು.

ಹಂತ 6: ‘ಇರ’ ಕಂಡರೆ ಹ್ಯಾವ್

ಹೋಗಬಹುದು, ಹೋಗಿರಬಹುದು. ನಡುವೆ ‘ಇರ’ ಬಂದರೆ ಕೆಲಸ ಆಗಿಹೋಗಿದೆ ಎಂಬ ಊಹೆ, ಇಂಗ್ಲಿಷಿನಲ್ಲಿ ಮೋಡಲ್ ಆದ ಮೇಲೆ ಹ್ಯಾವ್, ಆಮೇಲೆ ಕ್ರಿಯಾಪದದ ಮೂರನೇ ರೂಪ. “ಮರ ಬಿದ್ದಿರಬಹುದು ಎಂಬ ಸಾಧ್ಯತೆ”: ದ ಪಾಸಿಬಿಲಿಟಿ ದಟ್ ಎ ಟ್ರೀ ಮೇ ಹ್ಯಾವ್ ಫಾಲನ್. ಫೆಲ್ ಅಲ್ಲ, ಫಾಲನ್. ಕರ್ತೃ ಏಕವಚನವಾದರೂ ಹ್ಯಾಸ್ ಆಗುವುದಿಲ್ಲ. ‘ಬೇಕಿತ್ತು’ ಎಂದರೆ ಶುಡ್ ಹ್ಯಾವ್: “ಮಳೆಗಾಲಕ್ಕೆ ಮುಂಚೆಯೇ ಕೊಳೆಗೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು ಎಂಬ ಕೊರಗು” ಎಂಬುದಕ್ಕೆ ದ ಫೀಲಿಂಗ್ ದಟ್ ವಿ ಶುಡ್ ಹ್ಯಾವ್ ಸ್ಪ್ರೇಡ್ ಬಿಫೋರ್ ದ ಮಾನ್ಸೂನ್.

ಹಂತ 7: ದಟ್ ಒಪ್ಪದ ಭಾವನಾಮಗಳು

ಪರ್ಮಿಷನ್, ಎಬಿಲಿಟಿ, ಆಪರ್ಚುನಿಟಿ, ಅಟೆಂಪ್ಟ್ ಇವಕ್ಕೆ ಟು ಬೇಕು. “ಒಳಗೆ ಹೋಗಬಹುದು ಎಂಬ ಅನುಮತಿ” ಎಂದು ಕನ್ನಡದಲ್ಲಿ ಎಂಬ ಹಾಕಿ ಹೇಳಿದರೂ ಇಂಗ್ಲಿಷಿನಲ್ಲಿ ಪರ್ಮಿಷನ್ ಟು ಎಂಟರ್. ಹ್ಯಾಬಿಟ್ ಜೊತೆ ಆಫ್, ಡಿಫಿಕಲ್ಟಿ ಜೊತೆ ಇನ್. ಐಡಿಯಾ, ಹೋಪ್, ಪಾಸಿಬಿಲಿಟಿ, ರಿಸ್ಕ್ ಎರಡೂ ಕಡೆಗೆ ಸಲ್ಲುತ್ತವೆ: ಪೂರ್ತಿ ವಾಕ್ಯ ಬಂದರೆ ದಟ್, ಬರೀ ಹೆಸರೋ ಐಎನ್‌ಜಿ ರೂಪವೋ ಬಂದರೆ ಆಫ್. ಆಫ್ ದಟ್ ಎಂದು ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಡೌಟ್ ಸ್ವಲ್ಪ ತುಂಟ: “ಸಂಶಯವಿಲ್ಲ” ಎಂದಾಗ ನೋ ಡೌಟ್ ದಟ್, “ಸಂಶಯವಿದೆ” ಎಂದಾಗ ಡೌಟ್ ಅಬೌಟ್ ವೆದರ್.

ವಿಶೇಷಣಗಳ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ‘ಹೆಚ್ಚಿನ ಸಾಧ್ಯತೆ’ಗೆ ಹೈ ಪಾಸಿಬಿಲಿಟಿಗಿಂತ ಸ್ಟ್ರಾಂಗ್ ಪಾಸಿಬಿಲಿಟಿ ಚೆಂದ. ಬಿಗ್ ಚಾನ್ಸ್ ಬದಲು ಗುಡ್ ಚಾನ್ಸ್. ಕಡಿಮೆಯಾದರೆ ಸ್ಲೈಟ್ ಅಥವಾ ರಿಮೋಟ್, ಆಸೆ ಕ್ಷೀಣವಾದರೆ ಫೇಂಟ್ ಹೋಪ್. ದೇರ್ ಈಸ್ ಆದ ಮೇಲೆ ಪಾಸಿಬಿಲಿಟಿ, ಚಾನ್ಸ್, ರಿಸ್ಕ್ ಇವಕ್ಕೆ ಎ ಮರೆಯಬೇಡಿ. ಎವಿಡೆನ್ಸ್, ಪ್ರೂಫ್‌ಗೆ ಎ ಬೇಡ.

ಹಂತ 8: ಒಂದು ಅರ್ಜಿಯನ್ನು ತಿದ್ದಿ ನೋಡೋಣ

ಹಳ್ಳದ ಮೇಲಿನ ಕಾಲುಸಂಕದ ಬಗ್ಗೆ ಊರಿನವರು ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಮೊದಲ ಕರಡು:

“ಅವರ್ ಫುಟ್‌ಬ್ರಿಜ್ ಈಸ್ ಓಲ್ಡ್. ಇಟ್ ಕ್ಯಾನ್ ಫಾಲ್ ಇನ್ ರೇನ್. ಪೇರೆಂಟ್ಸ್ ಆರ್ ಫಿಯರಿಂಗ್ ಚೈಲ್ಡ್ ಕ್ಯಾನ್ ಸ್ಲಿಪ್. ವಿ ರಿಕ್ವೆಸ್ಟ್ ಯು ಮಸ್ಟ್ ಬಿಲ್ಡ್ ನ್ಯೂ ಒನ್.”

ಅರ್ಥವಾಗುತ್ತದೆ, ಆದರೆ ತುಂಡು ತುಂಡು. ಮೊದಲು ಕನ್ನಡದಲ್ಲಿ ಎಂಬ ಹಾಕಿ ಹೇಳಿಕೊಳ್ಳಿ: ಸಂಕ ಮುರಿದು ಬೀಳಬಹುದು ಎಂಬ ಅಪಾಯ ಇದೆ. ಮಗು ಜಾರಿ ಹಳ್ಳಕ್ಕೆ ಬಿದ್ದೀತು ಎಂಬ ಭಯದಿಂದ ಕೆಲವರು ಮಕ್ಕಳನ್ನು ಶಾಲೆಗೆ ಕಳಿಸುತ್ತಿಲ್ಲ. ಜೂನ್ ಒಳಗೆ ಹೊಸ ಸಂಕ ಕಟ್ಟಬೇಕು ಎಂಬುದು ನಮ್ಮ ವಿನಂತಿ. ಅಪಾಯ ಮತ್ತು ಬಹುದು ಸೇರಿದರೆ ಡೇಂಜರ್ ದಟ್ ಮೇ. ಭಯ ಮತ್ತು ಈತು ಸೇರಿದರೆ ಫಿಯರ್ ದಟ್ ಮೈಟ್. ವಿನಂತಿ ಮತ್ತು ಬೇಕು ಸೇರಿದರೆ ರಿಕ್ವೆಸ್ಟ್ ದಟ್ ಶುಡ್.

“ದೇರ್ ಈಸ್ ಎ ರಿಯಲ್ ಡೇಂಜರ್ ದಟ್ ದ ಓಲ್ಡ್ ಫುಟ್‌ಬ್ರಿಜ್ ಮೇ ಕೊಲ್ಯಾಪ್ಸ್ ಇನ್ ದ ಕಮಿಂಗ್ ಮಾನ್ಸೂನ್. ದ ಫಿಯರ್ ದಟ್ ಎ ಚೈಲ್ಡ್ ಮೈಟ್ ಸ್ಲಿಪ್ ಇನ್‌ಟು ದ ಸ್ಟ್ರೀಮ್ ಹ್ಯಾಸ್ ಕೆಪ್ಟ್ ಸಮ್ ಪೇರೆಂಟ್ಸ್ ಫ್ರಮ್ ಸೆಂಡಿಂಗ್ ದೇರ್ ಚಿಲ್ಡ್ರನ್ ಟು ಸ್ಕೂಲ್. ಇಟ್ ಈಸ್ ಅವರ್ ರಿಕ್ವೆಸ್ಟ್ ದಟ್ ಎ ನ್ಯೂ ಬ್ರಿಜ್ ಶುಡ್ ಬಿ ಬಿಲ್ಟ್ ಬಿಫೋರ್ ಜೂನ್.”

ಎರಡನೇ ವಾಕ್ಯದಲ್ಲಿ ಭಯವೇ ಕರ್ತೃವಾಗಿ ನಿಂತಿದೆ. ಭಾವನಾಮದ ನಿಜವಾದ ಲಾಭ ಇರುವುದು ಇಲ್ಲೇ. ವಿ ಫಿಯರ್ ಎಂದಿದ್ದರೆ ಭಯ ನಮ್ಮದು ಮಾತ್ರ ಆಗುತ್ತಿತ್ತು, ಆ ಭಯದಿಂದ ಮಕ್ಕಳ ಶಾಲೆ ತಪ್ಪಿತು ಎಂಬುದಕ್ಕೆ ಇನ್ನೊಂದು ವಾಕ್ಯ ಬೇಕಾಗುತ್ತಿತ್ತು. ಮೊದಲ ವಾಕ್ಯದಲ್ಲಿ ಡೇಂಜರ್ ಜೊತೆ ರಿಯಲ್ ಎಂಬ ವಿಶೇಷಣ ಸೇರಿಸಲು ಸಾಧ್ಯವಾಯಿತು. ಇಂಥ ಲಾಭವಿಲ್ಲದ ಕಡೆ ಭಾವನಾಮ ಕಟ್ಟಬೇಡಿ. “ಇಟ್ ಈಸ್ ಮೈ ಹೋಪ್ ದಟ್ ಯು ವಿಲ್ ಕಮ್” ಎಂದು ಗೆಳೆಯರಿಗೆ ಬರೆಯುವುದಕ್ಕಿಂತ “ಐ ಹೋಪ್ ಯು ವಿಲ್ ಕಮ್” ನೂರು ಪಾಲು ವಾಸಿ. ಕಚೇರಿಯ ಇಂಗ್ಲಿಷ್ ಓದಿ ಓದಿ ನಮ್ಮವರಿಗೆ ಸರಳ ಕ್ರಿಯಾಪದದ ಮೇಲೆ ಏನೋ ತಾತ್ಸಾರ.

ಹಂತ 9: ನೀವೇ ಮಾಡಿ

ಉತ್ತರ ನೋಡುವ ಮುಂಚೆ ಬರೆದುಕೊಳ್ಳಿ.

ಅ) ತಾಳಗುಪ್ಪದ ರೈಲು ಹೊರಟು ಹೋಗಿರಬಹುದು ಎಂಬ ಸಾಧ್ಯತೆ ಇದೆ.
ಆ) ತುಂಗೆ ಉಕ್ಕಿ ಹರಿದೀತು ಎಂಬ ಭಯ ಇತ್ತು.
ಇ) ಪ್ರತಿಯೊಬ್ಬ ಸದಸ್ಯನೂ ಸಭೆಗೆ ಬರಬೇಕು ಎಂಬ ಪ್ರಸ್ತಾಪ ಬಿದ್ದುಹೋಯಿತು.
ಈ) ಅವನು ಹೇಳಿದ ಸುದ್ದಿ ಸುಳ್ಳು.
ಉ) ರಸ್ತೆ ದುರಸ್ತಿ ಮಾಡುತ್ತೇವೆ ಎಂಬ ಭರವಸೆಯನ್ನು ಅವರು ಕೊಟ್ಟಿದ್ದರು.

ಅ) ದೇರ್ ಈಸ್ ಎ ಪಾಸಿಬಿಲಿಟಿ ದಟ್ ದ ತಾಳಗುಪ್ಪ ಟ್ರೇನ್ ಮೇ ಹ್ಯಾವ್ ಲೆಫ್ಟ್. ಕುಡ್ ಹ್ಯಾವ್, ಮೈಟ್ ಹ್ಯಾವ್ ಬರೆದಿದ್ದರೂ ಪೂರ್ಣ ಅಂಕ.
ಆ) ದೇರ್ ವಾಸ್ ಎ ಫ಼ಿಯರ್ ದಟ್ ದ ತುಂಗಾ ಮೈಟ್ ಓವರ್‌ಫ್ಲೋ. ವುಡ್ ಎಂದರೆ ಭಯ ಇನ್ನಷ್ಟು ಗಟ್ಟಿ.
ಇ) ದ ಪ್ರಪೋಸಲ್ ದಟ್ ಎವೆರಿ ಮೆಂಬರ್ ಶುಡ್ ಅಟೆಂಡ್ ದ ಮೀಟಿಂಗ್ ವಾಸ್ ರಿಜೆಕ್ಟೆಡ್. ಶುಡ್ ಬಿಟ್ಟರೆ ಬರೀ ಅಟೆಂಡ್, ಅಟೆಂಡ್ಸ್ ಅಲ್ಲ.
ಈ) ದ ನ್ಯೂಸ್ ದಟ್ ಹಿ ಟೋಲ್ಡ್ ಅಸ್ ಈಸ್ ಫಾಲ್ಸ್. ಎಂಬ ಇಲ್ಲ, ಹಾಗಾಗಿ ಮೋಡಲ್ ಗೊಡವೆಯೂ ಇಲ್ಲ, ದಟ್ ಬದಲು ವಿಚ್ ಹಾಕಬಹುದು.
ಉ) ದೇ ಹ್ಯಾಡ್ ಗಿವನ್ ಎ ಪ್ರಾಮಿಸ್ ದಟ್ ದ ರೋಡ್ ವುಡ್ ಬಿ ರಿಪೇರ್ಡ್. ದೇ ಹ್ಯಾಡ್ ಪ್ರಾಮಿಸ್ಡ್ ಟು ರಿಪೇರ್ ದ ರೋಡ್ ಎಂದು ಬರೆದವರಿದ್ದರೆ, ಭಾವನಾಮದ ಅಭ್ಯಾಸಕ್ಕೆ ಅಂಕ ಇಲ್ಲ, ಒಳ್ಳೆಯ ಇಂಗ್ಲಿಷಿಗೆ ಇದೆ.